ಸ್ಲ್ಯಾಬ್ ದಾಟಿದರೆ ಕೈಗೆ ಬರುವ ಸಂಬಳವೇ ಕಡಿಮೆಯಾಗುತ್ತದೆಯೇ?

ವರ್ಷದ ಸಂಬಳ 20.5 ಲಕ್ಷ, ಅದರಲ್ಲಿ ಐದನೇ ಒಂದು ಪಾಲು ಆದಾಯ ತೆರಿಗೆಗೇ ಹೋಗುತ್ತಿದೆ, 60,000 ರೂಪಾಯಿಯ ಬಡ್ತಿ ಒಪ್ಪಿದರೆ ಶೇ. 25ರ ಸ್ಲ್ಯಾಬಿಗೆ, ಅಂದರೆ ಆ ತೆರಿಗೆ ದರದ ಹಂತಕ್ಕೆ, ಬಿದ್ದು ನಷ್ಟವಾಗುತ್ತದೆ ಎಂದಿದ್ದೀರಿ. ಇದೇ ಲೆಕ್ಕ ಹಾಕಿ ನಾನು ದುಡ್ಡು ಕಳೆದುಕೊಂಡಿದ್ದೇನೆ.

2021–22ರಲ್ಲಿ ಹಳೆಯ ತೆರಿಗೆ ಪದ್ಧತಿಯಂತೆ ಕಡಿತಗಳೆಲ್ಲ ಹೋಗಿ ನನ್ನ ತೆರಿಗೆ ಬೀಳುವ ಆದಾಯ 9.8 ಲಕ್ಷವಿತ್ತು. ವರ್ಷಕ್ಕೆ 60,000 ರೂಪಾಯಿ ಭತ್ಯೆಯ ಹೆಚ್ಚುವರಿ ಹೊಣೆ ಬಂದಾಗ, 10 ಲಕ್ಷ ದಾಟಿದರೆ ಇಡೀ ಆದಾಯಕ್ಕೇ ಶೇ. 30 ಬೀಳುತ್ತದೆಂದು ನಂಬಿ ಬೇಡವೆಂದುಬಿಟ್ಟೆ. ನಿಜವಾಗಿ ಆಗುತ್ತಿದ್ದುದೇನು? ಆ ಭತ್ಯೆಯ ಮೊದಲ 20,000ಕ್ಕೆ ಶೇ. 20ರಂತೆ 4,000, ಉಳಿದ 40,000ಕ್ಕೆ ಶೇ. 30ರಂತೆ 12,000, ಎರಡರ ಮೇಲೆ ಶೇ. 4 ಸೆಸ್ (ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ) 640, ಒಟ್ಟು 16,640. ಕೆಳಗಿನ 9.8 ಲಕ್ಷದ ತೆರಿಗೆ ಒಂದು ಪೈಸೆಯೂ ಏರುತ್ತಿರಲಿಲ್ಲ. ಅಂದರೆ 43,360 ರೂಪಾಯಿಯನ್ನು ನಾನೇ ಕೈಯಾರೆ ಬಿಟ್ಟುಕೊಟ್ಟೆ.

ಈ ಭಯವನ್ನು ನನ್ನ ತಲೆಗೆ ತುಂಬಿದ ಕಿರಿಯ ಸಹೋದ್ಯೋಗಿ ಸುಳ್ಳು ಹೇಳಿರಲಿಲ್ಲ. ಹಳೆಯ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯ 5 ಲಕ್ಷದವರೆಗಿದ್ದರೆ ಸಣ್ಣ ಆದಾಯದವರಿಗಿರುವ 87ಎ ಎಂಬ ರಿಯಾಯಿತಿಯಿಂದ ತೆರಿಗೆ ಸೊನ್ನೆ; 5,10,000 ಆಯಿತೆಂದರೆ ಸೆಸ್ ಸೇರಿ 15,080. ಹತ್ತು ಸಾವಿರ ಹೆಚ್ಚು ದುಡಿದವನಿಗೆ ಐದು ಸಾವಿರ ನಷ್ಟ! ಅವರಿದ್ದುದು ಆ ಅಂಚಿನಲ್ಲಿ. ಹತ್ತು ಲಕ್ಷದಲ್ಲಿ ಅಂಥ ಅಂಚೇ ಇಲ್ಲವೆಂಬುದನ್ನು ನಾನು ವಿಚಾರಿಸಲೇ ಇಲ್ಲ.

ಹಾಗೆ ವಿಚಾರಿಸದೆ ನಂಬಿ ಕೆಟ್ಟಿದ್ದರಿಂದ ನಿಮ್ಮ 'ಐದನೇ ಒಂದು ಪಾಲು' ಎಂಬುದನ್ನೇ ನಾನು ಒಪ್ಪುವುದಿಲ್ಲ. 2025–26ರ ಹೊಸ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಉಳಿಯುವ 19.75 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 2,02,800, ಸಂಬಳದ ಶೇ. 10 ಕೂಡ ಆಗಲಿಲ್ಲ. ಪೇಸ್ಲಿಪ್‌ನ ಕಡಿತಗಳ ಕಾಲಂನಲ್ಲಿರುವ ಪಿಎಫ್ ಅನ್ನೂ ತೆರಿಗೆಯೆಂದೇ ಕೂಡಿಸಿದ್ದೀರೆಂದು ನನ್ನ ಅನುಮಾನ. ಬಹಳ ಮಂದಿ ಹಾಗೆಯೇ ಕೂಡಿಸುತ್ತಾರೆ, ಆದರೆ ಅದು ನಿಮ್ಮದೇ ಉಳಿತಾಯ. ಟಿಡಿಎಸ್ (ಸಂಬಳದಲ್ಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಎಂದಿರುವ ಸಾಲನ್ನು ಮಾತ್ರ ಹನ್ನೆರಡು ತಿಂಗಳಿಗೆ ಕೂಡಿಸಿ ನೋಡಿ.

ಬಡ್ತಿಯ 60,000ದಲ್ಲಿ 20 ಲಕ್ಷ ಮುಟ್ಟುವವರೆಗಿನ 25,000ಕ್ಕೆ ಶೇ. 20, ಉಳಿದ 35,000ಕ್ಕಷ್ಟೇ ಶೇ. 25. ಸೆಸ್ ಸೇರಿ 14,300 ಹೋದ ಮೇಲೆ 45,700 ರೂಪಾಯಿ ನಿಮ್ಮದು. ಒಪ್ಪಿಗೆಯ ಪತ್ರವನ್ನು ಈ ವಾರವೇ ಕೊಟ್ಟುಬಿಡಿ.