ಸರಾಸರಿ ತೆಗೆದರೂ ಹೋಗದ ಅಲೆ

ಪ್ರಶ್ನೆ: ಸರ್, ಪ್ರಾಜೆಕ್ಟ್‌ಗೆ ರುಬಿಡಿಯಂ ಸೆಲ್ (ರುಬಿಡಿಯಂ ಆವಿ ಇರುವ ಗಾಜಿನ ಕೊಳವೆ) ಮೂಲಕ 780 ನ್ಯಾನೋಮೀಟರ್ ಡಯೋಡ್ ಲೇಸರ್ ಹಾಯಿಸಿ, ಅದರ ಫ್ರೀಕ್ವೆನ್ಸಿಯನ್ನು ಸ್ಕ್ಯಾನ್ ಮಾಡುತ್ತಾ (ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ) ಪರಮಾಣುಗಳು ಎಷ್ಟು ಬೆಳಕು ಹೀರುತ್ತವೆ ಅಂತ ಅಳೆಯುತ್ತಿದ್ದೇವೆ. ಸ್ಕೋಪ್‌ನಲ್ಲಿ (ಆಸಿಲೋಸ್ಕೋಪ್) ಬೆಳಕು ಹೀರಿದ ಕಡೆ ಗೆರೆ ತಗ್ಗುವ ನಾಲ್ಕೂ ಕುಳಿ ಕಾಣುತ್ತವೆ, ಆದರೆ ಗೆರೆ ಪೂರ್ತಿ ಅಲೆ ಅಲೆ. ನೂರು ಸಲ ಸರಾಸರಿ ತೆಗೆದರೂ ಹೋಗುತ್ತಿಲ್ಲ. ಲೇಸರ್ ಪವರ್ ಜಾಸ್ತಿ ಮಾಡಲಾ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಪವರ್ ಮಾತ್ರ ಏರಿಸಬೇಡಿ. ಚದರ ಸೆಂಟಿಮೀಟರಿಗೆ ಸುಮಾರು 1.6 ಮಿಲಿವಾಟ್ ಹತ್ತಿರ ಬಂದರೆ ಪರಮಾಣುಗಳಿಗೆ ಹೊಟ್ಟೆ ತುಂಬಿಬಿಡುತ್ತದೆ, ಕುಳಿಯ ಆಳವೇ ಕಡಿಮೆ ಆಗುತ್ತದೆ.

ನೂರು ಸಲ ಸರಾಸರಿ ತೆಗೆದರೆ ಅಡ್ಡಾದಿಡ್ಡಿ ನಾಯ್ಸ್ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. ನಿಮ್ಮದು ಇಳಿಯಲಿಲ್ಲ ಅಂದ್ರೆ ಅದು ಪ್ರತಿ ಸ್ಕ್ಯಾನ್‌ನಲ್ಲೂ ಅದೇ ಜಾಗಕ್ಕೆ ಬಂದು ಕೂರುತ್ತಿದೆ, ಅಲ್ವಾ? ಕಿರಣಕ್ಕೆ ಒಂದು ವಿಸಿಟಿಂಗ್ ಕಾರ್ಡ್ ಅಡ್ಡ ಹಿಡಿಯಿರಿ. ಅಲೆ ಉಳಿದರೆ ತೊಂದರೆ ವೈರಿನಲ್ಲೋ ಆಂಪ್ಲಿಫೈಯರ್‌ನಲ್ಲೋ ಇದೆ, 50 ಹರ್ಟ್ಸ್ ಕರೆಂಟ್ ನುಸುಳಿರಬಹುದು. ಹೋಯಿತೋ, ಅದು ಬೆಳಕಿನದೇ ಕಾಟ. ನನ್ನ ಅನುಮಾನ ಇದರ ಮೇಲೇ: ಎದುರುಬದುರಾಗಿರುವ ಎರಡು ಗಾಜಿನ ಮೈ ನಡುವೆ ಸ್ವಲ್ಪ ಬೆಳಕು ಹಿಂದೆ ಮುಂದೆ ಓಡಾಡಿ ಎಬ್ಬಿಸುವ ಅಲೆ.

ಯಾವ ಎರಡು ಮೈ ಅಂತ ಲೆಕ್ಕ ಹಾಕಿಯೇ ಹಿಡಿಯಬಹುದು. ತುದಿಯ ಎರಡು ಕುಳಿಗಳು ರುಬಿಡಿಯಂ-87 ಎಂಬ ಐಸೊಟೋಪಿನವು, ಅವುಗಳ ನಡುವೆ ಸುಮಾರು 6.5 ಗಿಗಾಹರ್ಟ್ಸ್. ಅದನ್ನೇ ಸ್ಕೇಲ್ ಮಾಡಿಕೊಂಡು ಅಲೆಯಿಂದ ಅಲೆಗೆ ಎಷ್ಟು ಅಂತ ಅಳೆಯಿರಿ. 1.5 ಗಿಗಾಹರ್ಟ್ಸ್ ಬಂದರೆ ಗಾಳಿಯಲ್ಲಿ 10 ಸೆಂಟಿಮೀಟರ್ ಅಂತರ ಅಂತ ಅರ್ಥ. ಟೇಬಲ್ ಮೇಲೆ ಅಷ್ಟು ದೂರದಲ್ಲಿ ಏನೇನಿದೆ ನೋಡಿ, ಸೆಲ್‌ನ ಕಿಟಕಿ ಮತ್ತು ಬೆಳಕು ಅಳೆಯುವ ಫೋಟೋಡಯೋಡ್ ಮುಖ ಇರಬಹುದು. 3 ಮಿಲಿಮೀಟರ್ ಗಾಜಿನ ಒಳಗೇ ಹುಟ್ಟುವ ಅಲೆಯಾದರೆ ಸುಮಾರು 33 ಗಿಗಾಹರ್ಟ್ಸ್ ಅಗಲ, ನಿಮ್ಮ ಸ್ಕ್ಯಾನ್‌ನಲ್ಲಿ ಬರೀ ಇಳಿಜಾರಿನ ಹಾಗೆ ಕಾಣುತ್ತದೆ.

ಸೆಲ್ಲನ್ನೂ ಫೋಟೋಡಯೋಡನ್ನೂ ಒಂದೆರಡು ಡಿಗ್ರಿ ಓರೆ ಮಾಡಿ. ಬೆಳಕು ಲೇಸರ್‌ಗೇ ವಾಪಸ್ ಹೋಗುತ್ತಿದ್ದರೆ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಆಪ್ಟಿಕಲ್ ಐಸೊಲೇಟರ್ ಬೇಕೇ ಬೇಕು.

ಆಮೇಲೂ ಉಳಿಯುವುದು ಲೇಸರ್ ಪವರ್‌ನ ಏರಿಳಿತ. ಸೆಲ್‌ಗೆ ಮೊದಲೇ ಕಿರಣ ಒಡೆದು ಒಂದು ಪಾಲನ್ನು ಇನ್ನೊಂದು ಫೋಟೋಡಯೋಡ್‌ಗೆ ಬಿಡಿ. ಎರಡರ ಕರೆಂಟನ್ನು ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ ಕಳೆಯಬೇಕು, ಆಮೇಲೆ ಸ್ಕೋಪ್‌ನಲ್ಲಿ ಕಳೆದರೆ ಆಂಪ್ಲಿಫೈಯರ್‌ಗಳ ನಾಯ್ಸೂ ಸೇರಿಕೊಂಡಿರುತ್ತದೆ. ಕುಳಿ ಇಲ್ಲದ ಕಡೆ ಔಟ್‌ಪುಟ್ ಸೊನ್ನೆ ಬರುವಂತೆ ಬೆಳಕು ಹೊಂದಿಸಿ.

ಲಾಕ್-ಇನ್ ಆಂಪ್ಲಿಫೈಯರ್ (ನಾವು ಅಲುಗಾಡಿಸಿದ ಫ್ರೀಕ್ವೆನ್ಸಿಯ ಸಿಗ್ನಲ್ಲನ್ನು ಮಾತ್ರ ಆರಿಸಿ ಅಳೆಯುವ ಉಪಕರಣ) ತಗೊಳ್ಳಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯದೇ, ಕಡಿಮೆ ಫ್ರೀಕ್ವೆನ್ಸಿಯ ನಾಯ್ಸ್ ತಪ್ಪುತ್ತದೆ. ಆದರೆ ಲೇಸರ್ ಫ್ರೀಕ್ವೆನ್ಸಿಯನ್ನು ಅಲುಗಾಡಿಸಿ ಅಳೆದಾಗ ಈ ಗಾಜಿನ ಅಲೆಯೂ ಸಿಗ್ನಲ್ ವೇಷದಲ್ಲೇ ಒಳಗೆ ಬರುತ್ತದೆ, ಹಾಗಾಗಿ ಮೊದಲು ಸೆಲ್ ಓರೆ ಮಾಡಿ.