ಕಾಫಿ ಗೋಡೌನಿನಲ್ಲಿ ಕಿಟ್ ವಿಮಾನ: ಮೊದಲು ತೇವಕ್ಕೆ ದಾರಿ ಹುಡುಕಿ

ವಿರಾಜಪೇಟೆ ಕಡೆಯ ಅಣ್ಣ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಅವರ ಪ್ರಶ್ನೆ ಇಷ್ಟು: ತೋಟದಲ್ಲಿ ಹಳೇ ಕಾಫಿ ಗೋಡೌನ್ ಖಾಲಿ ಇದೆ, ಅದರಲ್ಲಿ ಎರಡು ಸೀಟಿನ ಕಿಟ್ ವಿಮಾನ (ಬಿಡಿಭಾಗ ತರಿಸಿ ನಾವೇ ಕಟ್ಟುವುದು) ಜೋಡಿಸಬಹುದಾ? ಯಾವ ಕಿಟ್ ತಗೊಳ್ಳಲಿ? ಮಳೆಗಾಲದಲ್ಲಿ ಏನು ಮಾಡಲಿ? ಕಟ್ಟಿದ ಮೇಲೆ ನೋಡಿಕೊಳ್ಳುವುದು ಹೇಗೆ?

ಜೋಡಿಸಬಹುದು ಅಣ್ಣ. ಆದರೆ ಕಿಟ್ ಯಾವುದು ಅನ್ನೋದು ಆಮೇಲಿನ ಮಾತು. ನಮ್ಮ ಜಿಲ್ಲೆಯಲ್ಲಿ ಈ ಕೆಲಸದ ಮುಕ್ಕಾಲು ಪಾಲು ಹೋರಾಟ ತೇವದ ಜೊತೆ. ಹೊರಗಿನವರು ಬರೆದ ಪುಸ್ತಕ, ಮಾಡಿದ ವಿಡಿಯೋ ಎಲ್ಲ ಒಣ ಊರಿನ ಗ್ಯಾರೇಜ್ ಲೆಕ್ಕದಲ್ಲಿ ಇರುತ್ತವೆ. ಜುಲೈ ತಿಂಗಳ ಕೊಡಗು ಅವರಿಗೆ ಗೊತ್ತಿಲ್ಲ. ಹಾಗಾಗಿ ಗೋಡೌನಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಗೋಡೌನಿನಲ್ಲಿ ಈಗ ಏನೇನು ಇಟ್ಟಿದ್ದೀರಿ, ಮೊದಲು ಅದನ್ನು ನೋಡಿ. ಮೈಲುತುತ್ತಿನ (ಕಾಪರ್ ಸಲ್ಫೇಟ್) ಚೀಲ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಕಾಫಿಗೆ, ಮೆಣಸಿಗೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆಯದ ತೋಟ ಯಾವುದಿದೆ? ಅದು ಅಲ್ಯೂಮಿನಿಯಮ್ಮಿಗೆ ವಿಷ. ತಾಮ್ರದ ಉಪ್ಪು ತೇವದಲ್ಲಿ ಕರಗಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಾಮ್ರ ಅಲ್ಲೇ ಅಂಟಿಕೊಳ್ಳುತ್ತದೆ. ಆ ಚುಕ್ಕೆಯ ಸುತ್ತ ಲೋಹ ಗುಂಡಿ ಗುಂಡಿಯಾಗಿ ತಿಂದುಹೋಗುತ್ತದೆ. ಮೇಲೆ ನೋಡಿದರೆ ಬಿಳಿ ಪುಡಿ ಮಾತ್ರ ಕಾಣುತ್ತದೆ, ಒಳಗೆ ಎಷ್ಟು ಆಳ ಹೋಗಿದೆ ಗೊತ್ತಾಗುವುದಿಲ್ಲ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ಅದೂ ಅಷ್ಟೇ ಕೆಟ್ಟದ್ದು. ಮೈಲುತುತ್ತು, ಗೊಬ್ಬರ, ಸ್ಪ್ರೇ ಕ್ಯಾನ್ ಎಲ್ಲವನ್ನೂ ಬೇರೆ ಶೆಡ್ಡಿಗೆ ಸಾಗಿಸಿ. ಬರೀ ಮೂಲೆ ಬದಲಾಯಿಸಿದರೆ ಸಾಲದು. ನೆಲವನ್ನು ಎರಡು ಮೂರು ಸಲ ತೊಳೆದು ಒಣಗಿಸಿ. ಬೋರ್ಡೋ ಹೊಡೆದು ಬಂದವರು ಅದೇ ಬಟ್ಟೆಯಲ್ಲಿ ಒಳಗೆ ಬರಬಾರದು.

ಆಮೇಲೆ ಮಾಡು, ಅಂದರೆ ಛಾವಣಿ. ತಗಡಿನ ಮಾಡಾದರೆ ಬೆಳಗಿನ ಜಾವ ಒಳಗಡೆ ಬೆವರಿ ಹನಿ ಬೀಳುತ್ತದೆ. ಕೆಳಗೆ ಸೀಲಿಂಗ್ ಕೊಡಲೇಬೇಕು. ಇಡೀ ಗೋಡೌನ್ ಒಣಗಿಸಲು ಹೋಗಬೇಡಿ, ಕರೆಂಟ್ ಬಿಲ್ ಕಟ್ಟಿ ಸಾಕಾಗುತ್ತದೆ. ಒಳಗೇ ಒಂದು ಕೋಣೆ ಮಾಡಿ. ಪ್ಲೈವುಡ್ ಗೋಡೆ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಮರದ ಹಲಗೆ, ಬಾಗಿಲಿಗೆ ರಬ್ಬರ್ ಪಟ್ಟಿ. ಅದರಲ್ಲಿ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್, ತೇವ ಅಳೆಯುವ ಒಂದು ಹೈಗ್ರೋಮೀಟರ್. ತೇವಾಂಶ ಶೇ. 50ರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು, 60 ದಾಟಬಾರದು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ ಅಲ್ವಾ, ಅದಕ್ಕೆ ಬಿಡಿಭಾಗಗಳನ್ನು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ಲನ್ನು ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಮತ್ತೆ ಬಳಸಬಹುದು.

ಕಿಟ್ ಪೆಟ್ಟಿಗೆ ಬಂದ ದಿನವೇ ಬಿಚ್ಚಿ. ಪಟ್ಟಿ ಹಿಡಿದು ಎಣಿಸುವುದು ಒಂದು ಕಾರಣ. ಪ್ಯಾಕಿಂಗ್ ಕಾಗದ ತೇವ ಹೀರಿ ಲೋಹಕ್ಕೆ ಒತ್ತಿಕೊಂಡು ಕೂರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಶೀಟಿನ ಮೇಲೆ ನೀಲಿ ಪ್ಲಾಸ್ಟಿಕ್ ಪದರ ಅಂಟಿಸಿ ಕಳಿಸಿದ್ದರೆ ಅದನ್ನೂ ಜಾಸ್ತಿ ದಿನ ಬಿಡಬೇಡಿ. ಅಡಿಯಲ್ಲಿ ನೀರು ನಿಂತು ಹುಳ ಹರಿದ ಹಾಗೆ ಗೆರೆ ಬೀಳುತ್ತದೆ. ಗುರುತು ಹಾಕಲು ಪೆನ್ಸಿಲ್ ಬೇಡ, ಅದರ ಗ್ರಾಫೈಟ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮಾರ್ಕರ್ ಬಳಸಿ. ಗೇಟು ಉಜ್ಜಿದ ವೈರ್ ಬ್ರಷ್, ಸ್ಯಾಂಡಿಂಗ್ ಡಿಸ್ಕ್ ಈ ಕೋಣೆಯ ಒಳಗೆ ಬರಲೇಬಾರದು. ಕಬ್ಬಿಣದ ಕಣ ಅಲ್ಯೂಮಿನಿಯಂ ಒಳಗೆ ಸಿಕ್ಕಿಕೊಂಡರೆ ಅಲ್ಲಿಂದಲೇ ಕೊಳೆಯಲು ಶುರು.

ಇನ್ನು ಕಿಟ್. ಮೊದಲ ಸಲ ಕಟ್ಟುವವರಿಗೆ ತೂತುಗಳನ್ನು ಕಂಪನಿಯಲ್ಲೇ ಕೊರೆದು ಕಳಿಸುವ, ಹೆಚ್ಚಾಗಿ ಪಾಪ್ ರಿವೆಟ್ (ಒಂದೇ ಬದಿಯಿಂದ ಎಳೆದು ಕೂರಿಸುವ ಮೊಳೆ) ಇರುವ ಲೋಹದ ಕಿಟ್ಟೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವ್ಯಾನ್ಸ್ ಕಂಪನಿಯ ಆರ್‌ವಿ-12, ಝೆನಿತ್ ಕಂಪನಿಯ ಸಿಎಚ್ 750 ಈ ಜಾತಿಯವು. ಆರ್‌ವಿ-12ರ ರೆಕ್ಕೆ ಬಿಚ್ಚಿ ತೆಗೆಯಬಹುದು, ತೋಟದ ರಸ್ತೆಯಲ್ಲಿ ಲಾರಿ ಮೇಲೆ ಸಾಗಿಸುವ ನಮಗೆ ಇದು ಸಣ್ಣ ಅನುಕೂಲವಲ್ಲ. ಆರ್‌ವಿ-7, ಆರ್‌ವಿ-14 ಚೆನ್ನಾಗಿವೆ, ಆದರೆ ಅದರಲ್ಲಿ ಬಡಿದು ಕೂರಿಸುವ ಗಟ್ಟಿ ರಿವೆಟ್ ಸಾವಿರಗಟ್ಟಲೆ ಹೊಡೆಯಬೇಕು, ಬಹಳಷ್ಟು ಕಡೆ ಇಬ್ಬರು ಬೇಕು. ಬೆಂಗಳೂರಿನ ರಾಜ್‌ಹಂಸ ಕಂಪನಿಯ ಎಕ್ಸ್-ಏರ್ ಕೊಳವೆ ಮತ್ತು ಬಟ್ಟೆಯ ವಿಮಾನ. ಹಗುರ, ಸರಳ. ಆದರೆ ಬಟ್ಟೆಗೆ ನಮ್ಮಲ್ಲಿ ಬೂಷ್ಟು ಹಿಡಿಯುತ್ತದೆ, ಇಲಿ ಕಡಿಯುತ್ತದೆ.

ಯಾವುದೇ ಆಗಲಿ, ಇಡೀ ಕಿಟ್ಟಿಗೆ ಒಟ್ಟಿಗೆ ದುಡ್ಡು ಕಟ್ಟಬೇಡಿ. ಮೊದಲು ಬಾಲದ ಭಾಗದ ಕಿಟ್ ಮಾತ್ರ ತರಿಸಿ. ವ್ಯಾನ್ಸ್ ಅಷ್ಟು ಹೆಸರುವಾಸಿ ಕಂಪನಿ, ಅದು ಕೂಡ 2023ರ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೇಳಿತು. ಆಮೇಲೆ ಚೇತರಿಸಿಕೊಂಡಿತು. ಆದರೆ ಮುಂಗಡ ಕೊಟ್ಟು ಕಾದಿದ್ದವರ ಆತಂಕ ಸುಮ್ನೆ ಅಲ್ಲ.

ಬಾಲ ಮೊದಲು ಅನ್ನುವುದಕ್ಕೆ ಇನ್ನೊಂದು ಕಾರಣ ನಿಮ್ಮ ಕೈ. ಒಂದು ಗಟ್ಟಿ ರಿವೆಟ್ಟನ್ನೇ ತಗೊಳ್ಳಿ. ಒಂದು ಇಂಚಿನ ಎಂಟನೇ ಒಂದು ಭಾಗ ದಪ್ಪದ್ದು, ಅಂದರೆ 3.2 ಮಿ.ಮೀ. ಹೊಡೆದ ಮೇಲೆ ಹಿಂಬದಿಯಲ್ಲಿ ಆಗುವ ತಲೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಅಂತ ಲೆಕ್ಕ. ಬೆರಳಿಟ್ಟು ಸವರಿದರೆ ಚಪ್ಪಟೆ ಬಿಲ್ಲೆ ಸಿಗಬೇಕು, ಒಂದು ಕಡೆಗೆ ವಾಲಿರಬಾರದು, ಅಂಚಿನಲ್ಲಿ ಬಿರುಕು ಇರಬಾರದು. ಅದಕ್ಕೂ ಮೊದಲು ತೂತಿನ ಎರಡೂ ಬದಿಯ ಜುಂಗನ್ನು (ಕೊರೆದಾಗ ಉಳಿಯುವ ಚೂಪು ಅಂಚು) ಡೀಬರ್ ಟೂಲಿನಲ್ಲಿ ಮೆಲ್ಲಗೆ ತೆಗೆದಿರಬೇಕು. ಜೋರಾಗಿ ತಿರುಗಿಸಿದರೆ ತೂತೇ ಅಗಲವಾಗುತ್ತದೆ. ಇಷ್ಟು ಕೆಲಸ ಕೈಗೆ ಹತ್ತುವವರೆಗೆ ಅಭ್ಯಾಸದ ತುಂಡುಗಳ ಮೇಲೆ ಮಾಡಿ. ಸ್ವಲ್ಪ ಕೆಟ್ಟ ರಿವೆಟ್ಟನ್ನು ಬಿಟ್ಟುಬಿಡಬೇಕಾ ತೆಗೆಯಬೇಕಾ ಅಂತ ಅನುಮಾನ ಬಂದರೆ ಮ್ಯಾನುಯಲ್ಲಿನ ಮಿತಿ ನೋಡಿ. ಮಿತಿಯ ಒಳಗಿದ್ದರೆ ಬಿಡಿ. ತೆಗೆಯಲು ಹೋಗಿ ತೂತು ಕೆಡಿಸುವುದೇ ಜಾಸ್ತಿ ಹಾನಿ.

ಬೋಲ್ಟ್ ವಿಷಯದಲ್ಲಿ ಜೀಪು ರಿಪೇರಿಯ ಕೈ ಇಲ್ಲಿ ಬೇಡ. ಎಎನ್3 ಅನ್ನುವ ವಿಮಾನದ ಸಣ್ಣ ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ಇಂಚ್-ಪೌಂಡ್ ಬಿಗಿತ ಸಾಕು. ಕೈಗೆ ಅದು ಏನೂ ಬಿಗಿ ಅನ್ನಿಸುವುದೇ ಇಲ್ಲ. ಬಿಗಿತ ಅಳೆಯುವ ಸಣ್ಣ ಟಾರ್ಕ್ ರೆಂಚ್ ಇಲ್ಲದೆ ಒಂದೂ ಬೋಲ್ಟ್ ಮುಗಿಸಬೇಡಿ. ನೈಲಾನ್ ಇರುವ ನಟ್ ಸುಮ್ನೆ ತಿರುಗಿಸುವಾಗಲೇ ಎಷ್ಟು ಎಳೆಯುತ್ತದೆ ನೋಡಿ, ಅದನ್ನೂ ಕೂಡಿಸಿಕೊಳ್ಳಿ. ಮುಗಿದದ್ದಕ್ಕೆ ಬಣ್ಣದ ಟಾರ್ಕ್ ಸೀಲ್ ಗೆರೆ ಎಳೆಯಿರಿ. ಗೆರೆ ಇಲ್ಲದ್ದು ಮುಗಿದಿಲ್ಲ ಅಂತಲೇ ಲೆಕ್ಕ.

ಒಂದು ನಿಯಮವನ್ನು ಮಾತ್ರ ಬಿಡಲೇಬೇಡಿ. ರೆಕ್ಕೆ, ಬಾಲ, ಟ್ಯಾಂಕ್, ಯಾವುದನ್ನೇ ಆಗಲಿ ಮುಚ್ಚಿ ರಿವೆಟ್ ಹೊಡೆಯುವ ಮೊದಲು ಬೇರೆಯವರ ಕಣ್ಣಿಗೆ ತೋರಿಸಿ, ಫೋಟೋ ತೆಗೆದಿಡಿ, ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ. ಇದಕ್ಕೆ ಕೊಡಗಿನಷ್ಟು ಒಳ್ಳೆ ಜಾಗ ಇಲ್ಲ. 1965ರ ಯುದ್ಧದ ಏರ್‌ಫೋರ್ಸ್ ಪೈಲಟ್ ಅಜ್ಜಮಾಡ ದೇವಯ್ಯ ಅವರ ನಾಡು ಇದು. ಏರ್‌ಫೋರ್ಸಿನಲ್ಲಿ ಏರ್‌ಫ್ರೇಮ್, ಎಂಜಿನ್ ಕೆಲಸ ಮಾಡಿ ನಿವೃತ್ತರಾಗಿ ತೋಟ ನೋಡಿಕೊಂಡು ಇರುವವರು ಹುಡುಕಿದರೆ ಸಿಗುತ್ತಾರೆ. ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಿ. ಅವರು ಟಾರ್ಚ್ ಹಿಡಿದು ಒಳಗೆ ನೋಡುವ ರೀತಿಯೇ ಬೇರೆ. ನಾವು ನಮ್ಮ ಕೆಲಸವನ್ನು ಎಷ್ಟು ಸಲ ನೋಡಿದರೂ ಕಾಣದ್ದು ಅವರಿಗೆ ಒಂದೇ ನೋಟಕ್ಕೆ ಕಾಣುತ್ತದೆ.

ಕೆಲಸದ ಕ್ಯಾಲೆಂಡರನ್ನು ತೋಟದ ಜೊತೆ ಹೊಂದಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣ ಕೋಣೆಯಲ್ಲಿ ಡೀಬರ್, ರಿವೆಟ್, ವೈರಿಂಗ್ ಮಾಡಿ. ಪೇಂಟ್, ಪ್ರೈಮರ್ ಆ ದಿನಗಳಲ್ಲಿ ಬೇಡವೇ ಬೇಡ. ಲೋಹದ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲೆ ಇರಬೇಕು, ತೇವಾಂಶ ಶೇ. 85ರ ಒಳಗೆ ಇರಬೇಕು, ಇಲ್ಲದಿದ್ದರೆ ಪದರ ಕಿತ್ತು ಬರುತ್ತದೆ. ಒಣ ಹವೆ ಬರುವ ಹೊತ್ತಿಗೆ ಕಾಫಿ ಕುಯ್ಲು ಬರುತ್ತದೆ, ಅದೇ ನಮ್ಮ ಕಷ್ಟ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ನಡುವೆ ಸಿಗುವ ದಿನ, ಮತ್ತೆ ಕುಯ್ಲು ಮುಗಿದು ಕಾಫಿ ಹೂ ಬಿಡಿಸುವ ಮಳೆ ಬರುವ ಮೊದಲಿನ ದಿನ, ಇವನ್ನು ಪೇಂಟಿಗೆ ಅಂತಲೇ ಕಾದಿರಿಸಿ. ಕಣದಲ್ಲಿ ಕಾಫಿ ಒಣಗುವಾಗ ಪಕ್ಕದಲ್ಲಿ ಸ್ಪ್ರೇ ಮಾಡಬೇಡಿ. ಧೂಳು ಪೇಂಟಿಗೆ, ಪೇಂಟ್ ವಾಸನೆ ಕಾಫಿಗೆ. ಕಂಪ್ರೆಸರ್ ಟ್ಯಾಂಕಿನ ಅಡಿಯ ನೀರನ್ನು ಪ್ರತಿದಿನ ಬಿಡಿ. ನಮ್ಮ ಹವೆಯಲ್ಲಿ ಅದು ಲೋಟಗಟ್ಟಲೆ ಬರುತ್ತದೆ.

ತೂಕ ಹಾಕುವಾಗ ನಮಗೆ ಒಂದು ಅನುಕೂಲ ಇದೆ. ಕಾಫಿ ಮೂಟೆ ತೂಗುವ ಎಲೆಕ್ಟ್ರಾನಿಕ್ ಸ್ಕೇಲ್ ಮೂರು ಸಿಕ್ಕಿದರೆ ಪ್ರತಿ ಚಕ್ರದ ಕೆಳಗೆ ಒಂದೊಂದು ಇಡಬಹುದು. ಮೂರನ್ನೂ ಮೊದಲು ಗೊತ್ತಿರುವ ತೂಕ ಇಟ್ಟು ತಾಳೆ ನೋಡಿ, ವಿಮಾನವನ್ನು ಮ್ಯಾನುಯಲ್ ಹೇಳಿದ ಹಾಗೆ ಮಟ್ಟ ಮಾಡಿ, ಬಾಗಿಲು ಕಿಟಕಿ ಮುಚ್ಚಿ ತೂಗಿ.

ಈಗ ಎಂಜಿನ್. ಈ ಗಾತ್ರದ ಕಿಟ್‌ಗಳಲ್ಲಿ ಹೆಚ್ಚಾಗಿ ರೋಟಾಕ್ಸ್ ಕಂಪನಿಯ 912 ಬರುತ್ತದೆ, 80 ಅಥವಾ 100 ಅಶ್ವಶಕ್ತಿ. ಇಲ್ಲಿ ಪೆಟ್ರೋಲ್ ದೊಡ್ಡ ವಿಷಯ. ಈ ಎಂಜಿನ್‌ಗೆ ರೋಟಾಕ್ಸ್ ಒಪ್ಪುವುದು ಶೇ. 10 ಎಥನಾಲ್ ತನಕ. ನಮ್ಮ ಬಂಕಿನಲ್ಲಿ ಈಗ ಸಿಗುವುದು ಶೇ. 20 ಬೆರೆಸಿದ್ದು. ಪರೀಕ್ಷೆ ಸುಲಭ. ಗೆರೆ ಇರುವ ಗಾಜಿನ ಸಿಲಿಂಡರಿನಲ್ಲಿ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ, 20 ದಾಟಿ ಮೇಲೆ ಹೋದರೆ ಅದನ್ನು ವಿಮಾನಕ್ಕೆ ಹಾಕಬೇಡಿ. ಎಥನಾಲ್ ನಮ್ಮ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕ್ ತಳದಲ್ಲಿ ನೀರಿನ ಪದರ ಆಗುವುದು ಹೀಗೆ. ವಿಮಾನದ ಪೆಟ್ರೋಲ್ ಆದ ಏವ್‌ಗ್ಯಾಸ್ 100 ಎಲ್‌ಎಲ್ ಬಳಸಬಹುದು, 2022ರಿಂದ ಇಂಡಿಯನ್ ಆಯಿಲ್ ಅದನ್ನು ದೇಶದಲ್ಲೇ ಮಾಡುತ್ತಿದೆ. ಆದರೆ ಅದರಲ್ಲಿ ಸೀಸ ಇದೆ. ಸೀಸವಿಲ್ಲದ ಪೆಟ್ರೋಲಿಗೆ 100 ಗಂಟೆಗೆ ಆಯಿಲ್ ಬದಲಿಸಿದರೆ, ಏವ್‌ಗ್ಯಾಸಿಗೆ 50 ಗಂಟೆಗೆ ಬದಲಿಸಿ. ಇನ್ನೂ ಬೇಗ ಮಾಡಿದರೆ ಒಳ್ಳೆಯದೇ.

ಮಳೆಗಾಲದಲ್ಲಿ ಹಾರಾಟ ಇಲ್ಲ ಅಂತ ವಾರಕ್ಕೊಮ್ಮೆ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಆಯಿಲ್ 100 ಡಿಗ್ರಿ ಮುಟ್ಟದಿದ್ದರೆ ಆ ನೀರು ಆಯಿಲಿನಲ್ಲೇ ಉಳಿದು ಒಳಗಿನ ಉಕ್ಕನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಆಯಿಲ್ ಬದಲಿಸಿ, ಮ್ಯಾನುಯಲ್ ಹೇಳುವ ಹಾಗೆ ಸಂರಕ್ಷಣೆ ಮಾಡಿ, ಗಾಳಿ ಹೋಗುವ ಬಾಯಿ, ಎಕ್ಸಾಸ್ಟ್ ಮುಚ್ಚಿ. ವೇಗ ಅಳೆಯುವ ಪಿಟೋ ಕೊಳವೆ, ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಎರಡಕ್ಕೂ ಕೆಂಪು ಪಟ್ಟಿ ಇರುವ ಮುಚ್ಚಳ ಹಾಕಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತುಗಳೆಂದರೆ ಪ್ರಾಣ. ವೆಂಟ್ ಕಟ್ಟಿಕೊಂಡರೆ ಇಂಧನ ಬರುವುದು ನಿಲ್ಲುತ್ತದೆ. ರಬ್ಬರ್ ಹೋಸ್‌ಗಳನ್ನು ಐದು ವರ್ಷಕ್ಕೆ ಬದಲಿಸಬೇಕು, ನೋಡಲು ಚೆನ್ನಾಗಿದ್ದರೂ ಕೂಡ. ಕಾರ್ಬುರೇಟರ್ ಇದ್ದರೆ ಅದನ್ನು ಬಿಸಿ ಇಡುವ ಕಾರ್ಬ್ ಹೀಟ್ ಹಾಕಿಸಿ. ಹೊರಗೆ 20 ಡಿಗ್ರಿ ಇದ್ದರೂ ನಮ್ಮಂಥ ತೇವದ ಹವೆಯಲ್ಲಿ ಒಳಗೆ ಐಸ್ ಕಟ್ಟುತ್ತದೆ.

ಕಾಗದಪತ್ರದ ಕೆಲಸವನ್ನು ಕೊನೆಗೆ ಇಡಬೇಡಿ. ಆರ್ಡರ್ ಕೊಡುವ ಮೊದಲೇ ಬೆಂಗಳೂರಿನ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕಚೇರಿಗೆ ಹೋಗಿ ಯಾವ ವರ್ಗದಲ್ಲಿ ನೋಂದಣಿ, ಯಾವ ಹಂತದಲ್ಲಿ ತಪಾಸಣೆ ಅಂತ ಬರಹದಲ್ಲಿ ತಿಳಿದುಕೊಳ್ಳಿ. 2025ರ ಜನವರಿ 1ರಿಂದ ಹಳೇ 1934ರ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಹಳೇ ಮಾಹಿತಿ ನೋಡಿಕೊಂಡು ಹೊರಡಬೇಡಿ. ತಾಳ್ಮೆ ಬೇಕು. ಮುಂಬೈನಲ್ಲಿ ಮನೆ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅದನ್ನು 2016ರಲ್ಲಿ ಪ್ರದರ್ಶನಕ್ಕೆ ಇಟ್ಟರು. ನೋಂದಣಿ ಆಗಿದ್ದು 2017ರಲ್ಲಿ, ಪರೀಕ್ಷೆಗೆ ಹಾರಿಸಲು ಅನುಮತಿ ಸಿಕ್ಕಿದ್ದು 2019ರಲ್ಲಿ.

ಮೊದಲ ಹಾರಾಟ ಗದ್ದೆಯಿಂದ ಬೇಡ. ಸಿಲ್ವರ್ ಓಕ್, ಕರೆಂಟ್ ತಂತಿ, ಗುಡ್ಡ ಇಳಿದು ಬರುವ ಗಾಳಿ, ಒಂದೂ ಬಿಡುವುದಿಲ್ಲ. ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. 28 ಡಿಗ್ರಿ ಬಿಸಿಲಿನ ದಿನ ಅಲ್ಲಿಯ ಗಾಳಿ ಸುಮಾರು 1,900 ಮೀಟರಿನ ಗಾಳಿಯಷ್ಟು ತೆಳುವಾಗಿರುತ್ತದೆ. ಎಂಜಿನ್ ಶಕ್ತಿ ಇಳಿಯುತ್ತದೆ, ಓಡಬೇಕಾದ ದೂರ ಉದ್ದವಾಗುತ್ತದೆ. ಅನುಮತಿ ತಗೊಂಡು ಉದ್ದ ರನ್‌ವೇ, ಫೈರ್ ಎಂಜಿನ್ ಇರುವ ಕಡೆ, ಆ ಜಾತಿಯ ವಿಮಾನದಲ್ಲಿ ಪಳಗಿದ ಪೈಲಟ್ ಕೈಯಲ್ಲಿ ಹಾರಿಸಿ.

ಕುಶಾಲನಗರ ಕಡೆ ನೆಂಟರ ಮನೆಯಲ್ಲಿ ಜಾಗ ಸಿಗುವುದಾದರೆ ಅದನ್ನೂ ಯೋಚಿಸಿ, ಅಲ್ಲಿ ಮಳೆ ತುಂಬಾ ಕಡಿಮೆ. ಇಲ್ಲದಿದ್ದರೆ ಗೋಡೌನಿನ ಬಾಗಿಲಿನ ಅಗಲ, ಎತ್ತರ, ಮಾಡಿನ ಫೋಟೋ ಹಾಕಿ, ಕೋಣೆ ಎಲ್ಲಿ ಬರಬೇಕು ಅಂತ ನೋಡೋಣ. ನಾನು ಸೋಮವಾರಪೇಟೆ ಹತ್ತಿರ ಇರುತ್ತೇನೆ. ತಗಡು ಹಿಡಿದಿಡುವ ಕ್ಲೀಕೋ, ರಿವೆಟ್ ಒತ್ತುವ ಸ್ಕ್ವೀಝರ್, ಅಭ್ಯಾಸಕ್ಕೆ ತಗಡಿನ ತುಂಡು ಎಲ್ಲ ಇವೆ. ಬಾಲದ ಕಿಟ್ ಆರ್ಡರ್ ಮಾಡುವ ಮೊದಲು ಒಂದು ಭಾನುವಾರ ಬಂದು ಕೂತು ರಿವೆಟ್ ಹೊಡೆದು ನೋಡಿ.