ಸೆನೆಗಲ್‌ಗೆ ಹೋದ ಸ್ವಯಂಸೇವಕರಿಗೆ ಅಲ್ಲಿನವರು ಹೊಸ ಹೆಸರು ಯಾಕೆ ಇಡುತ್ತಾರೆ?

ಹೆಸರಿದ್ದರೆ ಆ ವಿದೇಶಿ ಯಾರ ಮನೆಯವನು ಎಂದು ಊರಿಗೆ ಗೊತ್ತಾಗುತ್ತದೆ, ಅದಕ್ಕೆ.

ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್ 1963ರಿಂದ ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಸ್ವಯಂಸೇವಕರನ್ನು ಕಳಿಸುತ್ತಾ ಬಂದಿದೆ. ಸೇವೆ ಸುಮಾರು 27 ತಿಂಗಳು. ಉಳಿಯುವುದು ಅಲ್ಲಿನವರ ಮನೆಯಲ್ಲಿ. ಹೆಸರು ಇಡುವವರೂ ಅವರೇ.

ಇದರಲ್ಲಿ ಕೆಲಸ ಮಾಡುವುದು ಮನೆತನದ ಹೆಸರು. ಅಲ್ಲಿ ಕೆಲವು ಮನೆತನಗಳ ನಡುವೆ ಹಿಂದಿನಿಂದಲೂ ಕಾಲೆಳೆಯುವ ಸಂಬಂಧ ಇದೆ, ನಮ್ಮಲ್ಲಿ ಭಾವ-ಮೈದುನರ ನಡುವೆ ನಡೆಯುತ್ತಲ್ಲ, ಹಾಗೆ. ನಿಮಗೆ ಡಿಯೋಪ್ ಅಂತ ಹೆಸರಿಟ್ಟರು ಅಂದುಕೊಳ್ಳಿ. ಬಸ್ಸಿನಲ್ಲಿ ಪಕ್ಕ ಕೂತ ಎನ್‌ಡಿಯಾಯ್ ಮನೆತನದವರು, ಮುಖಪರಿಚಯವೂ ಇಲ್ಲದವರು, "ಓ ಡಿಯೋಪಾ? ನೀವು ಅನ್ನ ತಿನ್ನೋದರಲ್ಲೇ ಜಾಸ್ತಿ!" ಅಂತ ರೇಗಿಸುತ್ತಾರೆ. ನೀವೂ ತಿರುಗಿ ಅದನ್ನೇ ಹೇಳಬೇಕು. ಸುಮ್ನೆ ನಕ್ಕರೆ ಸಾಲದು. ಅಲ್ಲಿಗೆ ಮಾತು ಶುರುವಾಯಿತು.

ಊಟವೂ ಹಾಗೇ, ನಿಮ್ಮನ್ನು ಮನೆಯವರಲ್ಲಿ ಒಬ್ಬರನ್ನಾಗಿಸುತ್ತದೆ. ಮಧ್ಯಾಹ್ನ ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂರುತ್ತಾರೆ. ನಿಮ್ಮ ಮುಂದಿರುವ ಅನ್ನಕ್ಕಷ್ಟೇ ಕೈ ಹಾಕಬೇಕು, ಅದೂ ಬಲಗೈ. ಮೀನು, ತರಕಾರಿ ನಡುವೆ ಇರುತ್ತವೆ. ಮನೆಯಾಕೆ ಮುರಿದು ಒಬ್ಬೊಬ್ಬರ ಕಡೆಗೂ ತಳ್ಳುತ್ತಾರೆ.

ಹೊಸಬರಿಗೆ ಇದೆಲ್ಲ ಹೊತ್ತು ಕಳೆಯುವುದು ಅನಿಸಬಹುದು, ಅಲ್ವಾ? ಆದರೆ ಸಸಿ ನೆಡುವುದನ್ನೋ ಮಕ್ಕಳ ಆರೋಗ್ಯವನ್ನೋ ಹೇಳಿಕೊಡಲು ಬಂದವರ ಮಾತನ್ನು ಊರವರು ಕೇಳುವುದು, ಅವರು ಯಾರ ಮನೆಯವರು ಅಂತ ಗೊತ್ತಾದ ಮೇಲೆಯೇ.